ನಾಲ್ಕು ಬಿಟ್‌ಗೆ ಇಳಿಸಿದ ಭಾಷಾ ಮಾದರಿ ನಮ್ಮ ರೈತರ ಪತ್ರಗಳನ್ನು ಓದಬಲ್ಲದೆ? ಪರೀಕ್ಷಿಸುವ ಬಗೆ ಹೇಗೆ?

ಸಿಂಧನೂರು_ಕಚೇರಿ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ರೈತ ಉತ್ಪಾದಕ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರಿಂದ ವಾಟ್ಸಾಪ್‌ನಲ್ಲಿಯೂ ಟೈಪು ಮಾಡಿಸಿದ ಅರ್ಜಿಗಳ ರೂಪದಲ್ಲಿಯೂ ದಿನಕ್ಕೆ ನಲವತ್ತರಷ್ಟು ದೂರು, ಬೇಡಿಕೆಗಳು ಬರುತ್ತವೆ. ಪ್ರತಿಯೊಂದನ್ನೂ ಓದಿ ಊರು, ಬೆಳೆ, ದೂರಿನ ಬಗೆ, ಪ್ರಮಾಣ ಎಂಬ ನಾಲ್ಕು ಅಂಶಗಳನ್ನು ಪಟ್ಟಿಗೆ ಏರಿಸುವುದು ನನ್ನ ಪಾಲಿನ ಕೆಲಸ. ಪತ್ರಗಳಲ್ಲಿ ಸಾಲದ ಖಾತೆ, ಸರ್ವೆ ನಂಬರು, ಕೆಲವೊಮ್ಮೆ ಅಣ್ಣತಮ್ಮಂದಿರ ಹೊಲದ ಜಗಳವೂ ಇರುವುದರಿಂದ ಅವನ್ನು ಹೊರಗಿನ ಯಾವ ಸರ್ವರಿಗೂ ಕಳಿಸಬಾರದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ.

ಆದ್ದರಿಂದ ಕಚೇರಿಯ ಕಂಪ್ಯೂಟರಿನಲ್ಲಿಯೇ ನಡೆಯುವ ಮುಕ್ತ ತೂಕಾಂಕಗಳ (ಕಲಿತ ಸಂಖ್ಯೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟ) ಮಾದರಿಯೊಂದನ್ನು ಇಳಿಸಿಕೊಂಡಿದ್ದೇನೆ. ಅದು 8ಬಿ ಗಾತ್ರದ್ದು, ಅಂದರೆ ಸುಮಾರು 800 ಕೋಟಿ ಪ್ಯಾರಾಮೀಟರ್‌ಗಳದ್ದು. ನಾಲ್ಕು ಬಿಟ್‌ಗೆ ಕ್ವಾಂಟೈಸ್ ಮಾಡಿದ, ಅಂದರೆ ಪ್ರತಿ ತೂಕಾಂಕವನ್ನೂ ಕಡಿಮೆ ಬಿಟ್‌ಗಳಲ್ಲಿ ಬರೆದು ಗಾತ್ರ ಕುಗ್ಗಿಸಿದ, ಜಿಜಿಯುಎಫ್ ಎಂಬ ರೂಪದ ಕಡತ. ಮಾದರಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಹೇಳಿದರೆ ಚರ್ಚೆ ಅಭಿಮಾನಿಗಳ ಜಗಳಕ್ಕೆ ತಿರುಗುತ್ತದೆ. ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಹನ್ನೆರಡು ಪತ್ರಗಳನ್ನು ಕೊಟ್ಟು ನೋಡಿದೆ. ಐದರಲ್ಲಿ ಉತ್ತರ ತಲೆಬುಡವಿಲ್ಲದ್ದು, ಎರಡರಲ್ಲಿ ಪ್ರಮಾಣ ತಪ್ಪು, ಉಳಿದವು ಸರಿ. ವೇಗವಂತೂ ಸೆಕೆಂಡಿಗೆ ನಾಲ್ಕು ಟೋಕನ್ (ಮಾದರಿ ಓದುವ, ಬರೆಯುವ ಪಠ್ಯದ ತುಂಡು) ದಾಟುವುದಿಲ್ಲ. ಇದು ಕ್ವಾಂಟೈಸೇಶನ್ ಮಾಡಿದ ಹಾನಿಯೆ, ಅಥವಾ ಮಾದರಿಯ ಯೋಗ್ಯತೆಯೇ ಇಷ್ಟೆ? ಎಂಟು ಬಿಟ್‌ಗೆ ಹೋಗಬೇಕೆ, ಕಾರ್ಡ್ ಕೊಳ್ಳಬೇಕೆ? ಖರ್ಚು ಮಾಡುವ ಮೊದಲು ಕಾರಣ ತಿಳಿಯಬೇಕೆಂಬುದು ನನ್ನ ಆಸೆ.

ಬಿಸಿಲೂರು_ಬಳ್ಳಾರಿ

ಕಾರ್ಡ್ ಕೊಳ್ಳಿರಿ, ಸರ್. 12 ಜಿಬಿಯ ಆರ್‌ಟಿಎಕ್ಸ್ 3060 ಹಳೆಯದಾದರೂ ಸಾಕು. ಎಂಟು ಬಿಟ್‌ನ ಕಡತ ಪೂರ್ತಿಯಾಗಿ ಅದರಲ್ಲಿ ಕೂರುತ್ತದೆ, ವೇಗವೂ ಬರುತ್ತದೆ. ಉಳಿದದ್ದೆಲ್ಲ ಕಾಲಹರಣ.

ಮಸಾರಿ_ಹೊಲ

ಬಳ್ಳಾರಿಯವರು ಔಷಧಿಯನ್ನು ಮೊದಲು ಬರೆದು ನಾಡಿಯನ್ನು ಆಮೇಲೆ ಹಿಡಿಯುತ್ತಿದ್ದಾರೆ. ವೇಗ ಮತ್ತು ಗುಣಮಟ್ಟ ಎರಡು ಬೇರೆ ಬೇರೆ ತೊಂದರೆಗಳು. ಮೊದಲು ವೇಗವನ್ನು ಮುಗಿಸೋಣ.

ಇಂಥ ಮಾದರಿ ಒಂದೊಂದು ಟೋಕನ್ ಹೊರಡಿಸುವಾಗಲೂ ತನ್ನ ಎಲ್ಲಾ ತೂಕಾಂಕಗಳನ್ನು ಮೆಮೊರಿಯಿಂದ ಒಮ್ಮೆ ಓದಿಕೊಳ್ಳಲೇಬೇಕು. ಹಾಗಾಗಿ ಮೆಮೊರಿಯಿಂದ ಸೆಕೆಂಡಿಗೆ ಎಷ್ಟು ಜಿಬಿ ಹರಿದು ಬರುತ್ತದೋ ಅದನ್ನು ಕಡತದ ಗಾತ್ರದಿಂದ ಭಾಗಿಸಿದರೆ ವೇಗದ ಮೇಲ್ಮಿತಿ ಸಿಗುತ್ತದೆ. ಮೆಟಾ ಕಂಪನಿಯ ಲಾಮಾ 3.1ರ 8ಬಿ ಮಾದರಿಯ ಕ್ಯೂ4_ಕೆ_ಎಂ (ನಾಲ್ಕು ಬಿಟ್‌ಗೆ ಇಳಿಸುವ ಒಂದು ಪದ್ಧತಿ) ಕಡತವನ್ನೇ ಉದಾಹರಣೆಗೆ ತೆಗೆದುಕೊಳ್ಳಿ, ಅದು ಸುಮಾರು 4.9 ಜಿಬಿ. ಡಿಡಿಆರ್4-3200 ರ‍್ಯಾಮ್‌ನ ಒಂದೇ ಪಟ್ಟಿಯಿದ್ದರೆ ಹರಿವು ಸೆಕೆಂಡಿಗೆ 25.6 ಜಿಬಿ, ಅಂದರೆ ಮೇಲ್ಮಿತಿ ಐದು ಟೋಕನ್ ಚಿಲ್ಲರೆ. ಎರಡು ಪಟ್ಟಿಗಳನ್ನು ಎರಡು ಚಾನೆಲ್‌ಗಳಲ್ಲಿ ಕೂರಿಸಿದರೆ 51.2 ಜಿಬಿ, ಹತ್ತು ಟೋಕನ್ ಚಿಲ್ಲರೆ. ನಿಮಗೆ ನಾಲ್ಕು ಬರುತ್ತಿದೆ ಎಂದರೆ ಒಳಗಿರುವುದು 16 ಜಿಬಿಯ ಒಂಟಿ ಪಟ್ಟಿಯೇ ಇರಬೇಕು. ಡಬ್ಬಿ ತೆರೆದು ನೋಡಿ ತಿಳಿಸಿ.

ಬಳ್ಳಾರಿಯವರು ಹೇಳಿದ ಕಾರ್ಡಿನ ಹರಿವು 360 ಜಿಬಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಿನಕ್ಕೆ ನಲವತ್ತು ಪತ್ರ ಓದಲು ಅಷ್ಟು ಅವಸರವೇಕೆ?

ಸಿಂಧನೂರು_ಕಚೇರಿ

ತೆರೆದು ನೋಡಿದೆ. ತಾವು ಹೇಳಿದಂತೆಯೇ ಒಂಟಿ ಪಟ್ಟಿ ಇದೆ, ಪಕ್ಕದ ಗೂಡಿನಲ್ಲಿ ಧೂಳು ಮಾತ್ರ ಇದೆ.

ಕೋಟೆಬದಿ_ಕೊಪ್ಪಳ

ವೇಗದ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಟೋಕನ್ ಎಂದರೆ ಪದವಲ್ಲ, ಅಕ್ಷರವೂ ಅಲ್ಲ. ನಮ್ಮ «ರಾಯಚೂರು» ಎಂಬ ಪದದಲ್ಲಿ ಯೂನಿಕೋಡಿನ 7 ಸಂಕೇತಗಳಿವೆ: ರ, ದೀರ್ಘ, ಯ, ಚ, ಅದರ ಕೊಂಬಿನ ದೀರ್ಘ, ರ, ಕೊಂಬು. ಆ ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 21 ಬೈಟ್ ಆಗುತ್ತದೆ. ಅದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಅಲ್ಲಿಯೂ 7 ಅಕ್ಷರಗಳೇ, ಆದರೆ 7 ಬೈಟ್ ಮಾತ್ರ. ಮಾದರಿಯ ಟೋಕನ್ ಭಂಡಾರದಲ್ಲಿ ಕನ್ನಡದ ತುಂಡುಗಳು ಕಡಿಮೆಯಿದ್ದರೆ ಪದ ಸಣ್ಣ ಸಣ್ಣ ಚೂರಾಗುತ್ತದೆ, ಕೆಟ್ಟ ಸಂದರ್ಭದಲ್ಲಿ ಒಂದೊಂದು ಬೈಟೂ ಒಂದು ಟೋಕನ್ ಆಗುತ್ತದೆ. ಸೆಕೆಂಡಿಗೆ ನಾಲ್ಕು ಟೋಕನ್ ಎಂದರೆ ಕನ್ನಡದಲ್ಲಿ ಸೆಕೆಂಡಿಗೆ ಒಂದು ಪದವೂ ಹೊರಡದಿರಬಹುದು.

ಆದ್ದರಿಂದ ಎರಡು ಮಾದರಿಗಳನ್ನು ಹೋಲಿಸುವಾಗ ಸೆಕೆಂಡಿಗೆ ಎಷ್ಟು ಟೋಕನ್ ಎಂದು ಕೇಳಬೇಡಿ, ಒಂದು ಪತ್ರಕ್ಕೆ ಎಷ್ಟು ನಿಮಿಷ ಎಂದು ಕೇಳಿ. ಲಾಮಾ 3ರ ಭಂಡಾರದಲ್ಲಿ 1,28,256 ಟೋಕನ್‌ಗಳಿದ್ದರೆ ಗೂಗಲ್‌ನ ಗೆಮ್ಮಾ 3ರಲ್ಲಿ ಸುಮಾರು 2,62,000 ಇವೆ. ಭಂಡಾರ ದೊಡ್ಡದಾದ ಮಾತ್ರಕ್ಕೆ ಕನ್ನಡದ ಪಾಲು ದೊಡ್ಡದೆಂದು ಅರ್ಥವಲ್ಲ. ಮಾದರಿ ಓಡಿಸುವ ಲಾಮಾ.ಸಿಪಿಪಿ ತಂತ್ರಾಂಶದ ಜೊತೆ ಬರುವ ಟೋಕನೈಸ್ ಉಪಕರಣಕ್ಕೆ ನಿಮ್ಮದೇ ಹತ್ತು ಪತ್ರಗಳನ್ನು ಕೊಟ್ಟು ಎಣಿಸಿ, ಐದು ನಿಮಿಷದ ಕೆಲಸ.

ಹಳೇ_ಟೈಪಿಸ್ಟ್

ನಾನು ಮೂವತ್ತು ವರ್ಷ ಕಚೇರಿಯಲ್ಲಿ ಟೈಪು ಮಾಡಿ ನಿವೃತ್ತಳಾದವಳು, ಮಾದರಿಗಳ ಒಳಗುಟ್ಟು ನನಗೆ ತಿಳಿಯದು. ಆದರೆ ತಲೆಬುಡವಿಲ್ಲದ ಉತ್ತರ ಬಂದ ಆ ಐದು ಪತ್ರಗಳು ಎಲ್ಲಿಂದ ಬಂದವು ಎಂದು ಯಾರೂ ಕೇಳಲಿಲ್ಲವಲ್ಲ? ಅವು ಹೊರಗೆ ಟೈಪು ಮಾಡಿಸಿದ ಅರ್ಜಿಗಳೇ? ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದರೆ ಅದು ಪರದೆಯ ಮೇಲಷ್ಟೇ ಕನ್ನಡ. ಕಡತದೊಳಗೆ ಇರುವುದು ರೋಮನ್ ಅಕ್ಷರಗಳು ಮತ್ತು ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಐರೋಪ್ಯ ಅಕ್ಷರಗಳು. ಅಕ್ಷರವಿನ್ಯಾಸವನ್ನು ತೆಗೆದರೆ ಕನ್ನಡವೂ ಹೋಗುತ್ತದೆ. ಯೂನಿಕೋಡಿಗೆ ಪರಿವರ್ತಿಸದೆ ಅದನ್ನು ಯಾವ ಯಂತ್ರಕ್ಕೆ ಕೊಟ್ಟರೂ ಅದು ಓದುವುದು ಕಸವನ್ನೇ.

ಪರಿವರ್ತಿಸಿದ ಮೇಲೂ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳಲ್ಲಿ ಎಡವಟ್ಟಾಗುವುದುಂಟು.

ಸಿಂಧನೂರು_ಕಚೇರಿ

ಅಕ್ಕಾವ್ರೇ, ನಿಮಗೆ ಕೈಮುಗಿಯಬೇಕು. ಐದಕ್ಕೆ ಐದೂ ತಹಸೀಲ್ ಕಚೇರಿಯ ಎದುರಿನ ಅಂಗಡಿಗಳಲ್ಲಿ ನುಡಿಯಲ್ಲಿ ಟೈಪಾದವು. ನಾನು ನಕಲು ಮಾಡಿ ಅಂಟಿಸಿದಾಗ ಬಂದ ಗೀಟುಗೀಟಿನ ಅಕ್ಷರಗಳನ್ನು ನೋಡಿಯೂ, ಮಾದರಿಗೆ ಅರ್ಥವಾಗುತ್ತದೇನೋ ಎಂದುಕೊಂಡಿದ್ದೆ.

ಕೋಟೆಬದಿ_ಕೊಪ್ಪಳ

ಇದರ ಜೊತೆಗೆ ಯೂನಿಕೋಡಿನೊಳಗೂ ಒಂದು ಮೋಸವಿದೆ. ನಮ್ಮ «ಕೊಪ್ಪಳ»ದ ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪಠ್ಯವನ್ನು ಟೋಕನ್‌ಗಳಾಗಿ ಕತ್ತರಿಸುವ ಟೋಕನೈಸರಿಗೆ ಬೇರೆ ಬೇರೆ ಪದಗಳು. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತಂದ ಮೇಲೆಯೇ ಮಾದರಿಗೆ ಕೊಡಿ.

ಬಿಸಿಲೂರು_ಬಳ್ಳಾರಿ

ಇಷ್ಟೆಲ್ಲ ತಿಣುಕುವುದೇಕೆ? ಮಾದರಿಗಳ ಅಂಕಪಟ್ಟಿಗಳು ಎಲ್ಲೆಡೆ ಇವೆ. ಎಂಎಂಎಲ್‌ಯು ಅಂಕ ಹೆಚ್ಚಿರುವುದನ್ನು ಆರಿಸಿಕೊಂಡರೆ ಆಯಿತು.

ಅಂಕಗಣಿತ_ಮೇಷ್ಟ್ರು

ಎಂಎಂಎಲ್‌ಯು 2020ರಲ್ಲಿ ಬಂದದ್ದು. 57 ವಿಷಯಗಳು, ಇಂಗ್ಲಿಷ್ ಪ್ರಶ್ನೆಗಳು, ನಾಲ್ಕರಲ್ಲಿ ಒಂದನ್ನು ಗುರುತು ಮಾಡುವ ಪದ್ಧತಿ. ಕಣ್ಣು ಮುಚ್ಚಿ ಗುರುತು ಮಾಡಿದರೂ ನೂರಕ್ಕೆ 25 ಬರುತ್ತದೆ. ಅಮೆರಿಕದ ಕಾನೂನು ಪ್ರಶ್ನೆಯೊಂದಕ್ಕೆ ಸರಿಯಾದ ಗುರುತು ಹಾಕುವ ಮಾದರಿಯು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಹೊಲದ ರೈತನ ದೂರನ್ನು ಬಿಡಿಸಿಕೊಡುತ್ತದೆ ಎಂಬ ಖಾತರಿ ಯಾರು ಕೊಡುತ್ತಾರೆ? ಅದೂ ಅಲ್ಲದೆ ಪ್ರಕಟವಾಗುವ ಅಂಕಗಳು ಸಾಮಾನ್ಯವಾಗಿ ಪೂರ್ಣ ನಿಖರತೆಯ ಮಾದರಿಯವು, ನೀವು ಇಳಿಸಿಕೊಂಡ ನಾಲ್ಕು ಬಿಟ್‌ನ ಕಡತದವಲ್ಲ.

ಈಗ ಸಿಂಧನೂರಿನವರಿಗೆ. ಹನ್ನೆರಡು ಪತ್ರಗಳಿಂದ ಏನೂ ಹೇಳಲಾಗದು. ಕನಿಷ್ಠ ಅರವತ್ತು ಪತ್ರಗಳನ್ನು ತೆಗೆದುಕೊಳ್ಳಿ, ಆದರೆ ಆರಿಸಿ ತೆಗೆಯಬೇಡಿ. ದಿನಾಂಕದ ಪಟ್ಟಿಯಲ್ಲಿ ಪ್ರತಿ ಹತ್ತನೆಯದನ್ನು ಎತ್ತಿಕೊಳ್ಳಿ. ಮಾದರಿಯನ್ನು ಓಡಿಸುವ ಮೊದಲೇ ಸರಿಯುತ್ತರಗಳ ಪಟ್ಟಿಯನ್ನು ಬರೆದಿಡಿ. ಯಂತ್ರದ ಉತ್ತರ ನೋಡಿದ ಮೇಲೆ ಬರೆದರೆ ಮನಸ್ಸು ಅದರ ಕಡೆಗೆ ವಾಲುತ್ತದೆ. ಅರವತ್ತರಲ್ಲಿ 48 ಸರಿ ಬಂದರೆ ನೂರಕ್ಕೆ 80 ಎಂದು ಹೇಳುತ್ತೀರಿ, ಆದರೆ ಅಷ್ಟೇ ಪತ್ರಗಳ ಪರೀಕ್ಷೆಯಲ್ಲಿ ಶೇ 95ರ ವಿಶ್ವಾಸಕ್ಕೆ ಆಚೀಚೆ ಹತ್ತು ಅಂಕಗಳ ಅಲುಗಾಟ ಇದ್ದೇ ಇರುತ್ತದೆ. ಹಾಗಾಗಿ ಎಂಟು ಬಿಟ್ ಮತ್ತು ನಾಲ್ಕು ಬಿಟ್‌ಗಳ ಒಟ್ಟು ಅಂಕಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡಬೇಡಿ. ಎರಡಕ್ಕೂ ಅವೇ ಪತ್ರಗಳನ್ನು ಕೊಟ್ಟು, ಒಂದು ಸರಿಯಾಗಿ ಇನ್ನೊಂದು ತಪ್ಪಿದ ಪತ್ರಗಳನ್ನಷ್ಟೇ ಎಣಿಸಿ. ಎರಡೂ ಸರಿ ಹೇಳಿದ್ದು, ಎರಡೂ ತಪ್ಪಿದ್ದು ಈ ಹೋಲಿಕೆಗೆ ಲೆಕ್ಕವಿಲ್ಲ.

ಬಿಸಿಲೂರು_ಬಳ್ಳಾರಿ

ಮೇಷ್ಟ್ರೇ, ಒಂದು ಪಟ್ಟಿ ತುಂಬುವ ಕೆಲಸಕ್ಕೆ ಪಿಎಚ್‌ಡಿ ಮಾಡಿಸುತ್ತಿದ್ದೀರಿ.

ಅಂಕಗಣಿತ_ಮೇಷ್ಟ್ರು

ಸಾವಿರಾರು ರೂಪಾಯಿಯ ಕಾರ್ಡನ್ನು ಸುಮ್ಮನೆ ಕೊಳ್ಳುವುದಕ್ಕಿಂತ ಒಂದು ಸಂಜೆಯ ಪಿಎಚ್‌ಡಿ ಅಗ್ಗ.

ಮಸಾರಿ_ಹೊಲ

ಕ್ವಾಂಟೈಸೇಶನ್ ಎಂಬುದು ಏನು ಮಾಡುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ಹೇಳಿದರೆ ಯಾವ ತಪ್ಪನ್ನು ಅದರ ಮೇಲೆ ಹೊರಿಸಬೇಕು, ಯಾವುದನ್ನು ಹೊರಿಸಬಾರದು ಎಂಬುದು ತಿಳಿಯುತ್ತದೆ.

ಕ್ಯೂ4_0 ಎಂಬ ಸರಳ ಪದ್ಧತಿಯನ್ನು ನೋಡೋಣ. 32 ತೂಕಾಂಕಗಳನ್ನು ಒಂದು ಗುಂಪು ಮಾಡುತ್ತಾರೆ. ಗುಂಪಿನಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದೋ ಅದಕ್ಕೆ ತಕ್ಕಂತೆ ಒಂದು ಅಳತೆಗೋಲನ್ನು 16 ಬಿಟ್‌ನಲ್ಲಿ ಬರೆದಿಟ್ಟು, ಪ್ರತಿ ತೂಕಾಂಕವನ್ನೂ ಆ ಕೋಲಿನ 16 ಗೆರೆಗಳಲ್ಲಿ ಹತ್ತಿರದ ಗೆರೆಗೆ ತಳ್ಳುತ್ತಾರೆ. 32ಕ್ಕೆ ನಾಲ್ಕರಂತೆ 128 ಬಿಟ್, ಕೋಲಿಗೆ 16, ಒಟ್ಟು 144, ತಲಾ 4.5 ಬಿಟ್. ಕ್ಯೂ8_0ದಲ್ಲಿ ಇದೇ ಲೆಕ್ಕ 8.5 ಬಿಟ್ ಆಗುತ್ತದೆ. ಕ್ಯೂ4_ಕೆ_ಎಂ ಸ್ವಲ್ಪ ಜಾಣತನದ್ದು, ಹೆಚ್ಚು ಸೂಕ್ಷ್ಮವಾದ ಕೆಲವು ಪದರಗಳನ್ನು ಆರು ಬಿಟ್‌ನಲ್ಲಿ ಉಳಿಸಿಕೊಳ್ಳುವುದರಿಂದ ಸರಾಸರಿ 4.9ರ ಹತ್ತಿರ ಬರುತ್ತದೆ.

ಲಾರಿ ತೂಗುವ ಕಾಟಾ ಹತ್ತು ಕೆ.ಜಿ. ಹಂತದಲ್ಲಿ ತೋರಿಸಿದರೆ ಭತ್ತದ ಲೋಡಿಗೆ ಚಿಂತೆಯಿಲ್ಲ. ಅದೇ ಕಾಟಾದ ಮೇಲೆ ಒಣಮೆಣಸಿನಕಾಯಿಯ ಒಂದು ಚೀಲ ಇಟ್ಟರೆ ರೈತ ಮುಳುಗಿದ. ಗುಂಪಿನಲ್ಲಿ ಒಂದು ತೂಕಾಂಕ ವಿಪರೀತ ದೊಡ್ಡದಾಗಿದ್ದರೆ ಗೆರೆಗಳ ನಡುವಿನ ಅಂತರ ಹಿಗ್ಗಿ, ಉಳಿದ 31 ಸಣ್ಣವು ಈ ಮೆಣಸಿನಕಾಯಿ ಚೀಲದ ಪಾಡು ಪಡುತ್ತವೆ. ನಾಲ್ಕು ಬಿಟ್‌ನಲ್ಲಿ ಇದು ಸಹ್ಯ, ಎರಡು ಬಿಟ್‌ಗೆ ಇಳಿದಾಗ ಅಸಹ್ಯ. ಆದರೆ ತರಬೇತಿಯಲ್ಲಿ ನೋಡದ ಪದವನ್ನು ಹದಿನಾರು ಬಿಟ್ ಕೊಟ್ಟರೂ ಮಾದರಿ ಕಲಿಯುವುದಿಲ್ಲ.

ಕೋಟೆಬದಿ_ಕೊಪ್ಪಳ

ನಾಲ್ಕು ಬಿಟ್ ಸಹ್ಯ ಎಂಬ ಮಾತಿಗೆ ನನ್ನ ತಕರಾರಿದೆ. ಆ ತೀರ್ಪು ಬಹುಪಾಲು ಇಂಗ್ಲಿಷ್ ಪಠ್ಯದ ಮೇಲೆ ಪರ್ಪ್ಲೆಕ್ಸಿಟಿ (ಮುಂದಿನ ಟೋಕನ್ ಊಹಿಸುವಲ್ಲಿ ಮಾದರಿ ಎಷ್ಟು ತಡಬಡಿಸುತ್ತದೆ ಎಂಬ ಅಳತೆ) ಅಳೆದು ಕೊಟ್ಟದ್ದು. ಎಲ್ಲರೂ ಓಡಿಸುವ ವಿಕಿಟೆಕ್ಸ್ಟ್-2 ಇಂಗ್ಲಿಷ್ ವಿಕಿಪೀಡಿಯಾದ ಪಠ್ಯ. ಯಾವ ತೂಕಾಂಕ ಮುಖ್ಯ ಎಂದು ಗುರುತಿಸಲು ಬಳಸುವ ಪಠ್ಯವೂ ಸಾಮಾನ್ಯವಾಗಿ ಇಂಗ್ಲಿಷಿನದೇ. ಹಾಗಾದರೆ ಕನ್ನಡಕ್ಕೆ ಬೇಕಾದ ತೂಕಾಂಕಗಳನ್ನು ಕಾಯುವವರು ಯಾರು? 2024ರಲ್ಲಿ ಕೋಹಿಯರ್ ಸಂಸ್ಥೆಯ ಸಂಶೋಧಕರು ಬಹುಭಾಷಾ ಮಾದರಿಗಳನ್ನು ಕ್ವಾಂಟೈಸ್ ಮಾಡಿ ನೋಡಿದಾಗ ಲ್ಯಾಟಿನ್ ಲಿಪಿಯಲ್ಲದ ಭಾಷೆಗಳಿಗೇ ಹೆಚ್ಚು ಪೆಟ್ಟು ಬಿದ್ದಿತ್ತು. ಜಪಾನಿ ಭಾಷೆಯಲ್ಲಿ ಯಂತ್ರದ ಅಳತೆ ಶೇ 1.7ರ ಇಳಿಕೆಯನ್ನು ತೋರಿಸಿದ ಕಡೆ, ಮನುಷ್ಯರು ಓದಿ ಅಂಕ ಹಾಕಿದಾಗ ಇಳಿಕೆ ಶೇ 16ರಷ್ಟಿತ್ತು. ಆದ್ದರಿಂದ ನಿಮ್ಮ ಪತ್ರಗಳ ಮೇಲೆಯೇ, ನಿಮ್ಮ ಕಣ್ಣಿನಿಂದಲೇ ಅಳೆಯಬೇಕು.

ಮಸಾರಿ_ಹೊಲ

ಒಪ್ಪಿದೆ. ಸಹ್ಯವೋ ಅಲ್ಲವೋ ಎಂಬುದನ್ನು ಅರವತ್ತು ಪತ್ರಗಳು ಹೇಳಲಿ.

ಎರೆಭೂಮಿ_ಮಸ್ಕಿ

ನಾನು ಹತ್ತಿ, ತೊಗರಿ ಬೆಳೆಯುವವನು, ಮಗನ ಫೋನಿನಲ್ಲಿ ಇದನ್ನು ಓದುತ್ತಿದ್ದೇನೆ. ತಾವು ಬಿಟ್ ಲೆಕ್ಕ ಹಾಕುತ್ತಿದ್ದೀರಿ, ಆದರೆ ನಾವು ಬರೆಯುವ ಮಾತೇ ನಿಮ್ಮ ಯಂತ್ರಕ್ಕೆ ತಿಳಿಯುತ್ತದೆಯೇ ಎಂಬುದು ನನ್ನ ಅನುಮಾನ. «ಹತ್ತಿಗೆ ಮೂರು ಸಲ ಎಣ್ಣಿ ಹೊಡೆದೇವ್ರಿ, ಹುಳ ಸಾಯವಲ್ಲವು» ಎಂದು ಬರೆದರೆ ಅದು ಕೀಟನಾಶಕದ ಮಾತು. «ಸರಕಾರಿ ಗೊಬ್ಬರ» ಎಂದರೆ ಸರ್ಕಾರ ಕೊಟ್ಟ ಗೊಬ್ಬರವಲ್ಲ. ತಿಪ್ಪೆಯದಲ್ಲದ, ಅಂಗಡಿಯ ರಾಸಾಯನಿಕ ಗೊಬ್ಬರ. ಇನ್ನು ಸಿಂಧನೂರು, ಗಂಗಾವತಿ ಕಡೆಯ ಭತ್ತದ ಚೀಲ 75 ಕೆ.ಜಿ. ಲೆಕ್ಕದ್ದು. ಎಕರೆಗೆ 40 ಚೀಲ ಎಂದರೆ 30 ಕ್ವಿಂಟಲ್, ಯಂತ್ರ ಅದನ್ನು 50 ಕೆ.ಜಿ. ಎಂದುಕೊಂಡರೆ 20 ಕ್ವಿಂಟಲ್ ಆಗಿಬಿಡುತ್ತದೆ. ಹತ್ತು ಕ್ವಿಂಟಲ್ ಎಲ್ಲಿ ಹೋಯಿತು?

ಮೈಸೂರು_ಅತಿಥಿ

ಕ್ಷಮಿಸಿ, ನಮ್ಮ ಕಡೆ «ಎಣ್ಣೆ ಹೊಡೆಯುವುದು» ಎಂದರೆ ಸಂಜೆಯ ಮೇಲೆ ಮಾಡುವ ಕೆಲಸ. ಮಾದರಿ ತಪ್ಪಿದ್ದರೆ ನನಗೆ ಆಶ್ಚರ್ಯವಿಲ್ಲ, ನಾನೂ ತಪ್ಪುತ್ತಿದ್ದೆ.

ಸಿಂಧನೂರು_ಕಚೇರಿ

ಈಗಷ್ಟೇ ಅದೇ ವಾಕ್ಯವನ್ನು ಕೊಟ್ಟು ನೋಡಿದೆ. ದೂರಿನ ಬಗೆ: «ಮದ್ಯಪಾನ». ನನ್ನ ಪ್ರಮಾಣದ ಎರಡು ತಪ್ಪುಗಳೂ ಚೀಲದವೇ.

ಎರೆಭೂಮಿ_ಮಸ್ಕಿ

ಹುಳುಗಳು ಕುಡಿದವೋ, ನಾವು ಕುಡಿದೆವೋ?

ಲಿಂಗಸುಗೂರು_ಲಿನಕ್ಸ್

ಚೀಲದ ಗುಣಾಕಾರವನ್ನು ಮಾದರಿಗೆ ಒಪ್ಪಿಸಲೇಬೇಡಿ. ಸಂಖ್ಯೆ ಒಂದು ಕಾಲಂ, ಮಾನ ಇನ್ನೊಂದು ಕಾಲಂ ಎಂದು ಇದ್ದದ್ದನ್ನು ಇದ್ದ ಹಾಗೆ ಎತ್ತಿ ಕೊಡುವಂತೆ ಹೇಳಿ. ಬೆಳೆ ನೋಡಿ 75ರಿಂದ ಗುಣಿಸುವುದನ್ನು ಎಕ್ಸೆಲ್ ಮಾಡಲಿ. ಎಣ್ಣಿ, ಸರಕಾರಿ ಗೊಬ್ಬರ ಮುಂತಾದ ಹದಿನೈದು ಇಪ್ಪತ್ತು ಪದಗಳ ಪಟ್ಟಿಯನ್ನು ಸೂಚನೆಯ ಜೊತೆಗೇ ಸೇರಿಸಿ. ಆ ಪಟ್ಟಿಯನ್ನು ಪರೀಕ್ಷೆಯ ಅರವತ್ತು ಪತ್ರಗಳಿಂದ ಹೆಕ್ಕಬೇಡಿ, ಬೇರೆ ಪತ್ರಗಳಿಂದ ಹೆಕ್ಕಿ. ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಸೋರಿಕೆಯಾದಂತೆಯೇ.

ಇನ್ನು ಮೂರು ಕಡೆ ನೋಡಿಕೊಳ್ಳಿ. ಮಾದರಿಗೆ ಅದರ ತರಬೇತಿಯಲ್ಲಿ ಬಳಸಿದ ಸಂಭಾಷಣೆಯ ಚೌಕಟ್ಟಿನಲ್ಲಿಯೇ ಪ್ರಶ್ನೆ ಹೋಗುತ್ತಿದೆಯೇ? ಚೌಕಟ್ಟು ತಪ್ಪಿದರೆ ಒಳ್ಳೆಯ ಮಾದರಿಯೂ ಬಡಬಡಿಸುತ್ತದೆ, ಜನ ಅದನ್ನು ಕ್ವಾಂಟೈಸೇಶನ್ ಎಂದು ಬೈಯುತ್ತಾರೆ. ಎರಡನೆಯದು, ಸಂದರ್ಭದ ಮಿತಿ, ಅಂದರೆ ಮಾದರಿ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳುವ ಪಠ್ಯದ ಉದ್ದ. ಮಾದರಿ ಓಡಿಸುವ ತಂತ್ರಾಂಶಗಳು ಮೆಮೊರಿ ಉಳಿಸಲು ಇದನ್ನು ಎರಡು ಅಥವಾ ನಾಲ್ಕು ಸಾವಿರ ಟೋಕನ್‌ಗೆ ತಾವಾಗಿ ಇಟ್ಟಿರುವುದುಂಟು, ಮೀರಿದ ಭಾಗವನ್ನು ಸದ್ದಿಲ್ಲದೆ ಕೈಬಿಡುವುದೂ ಉಂಟು. ಕನ್ನಡದ ಎರಡು ಪುಟದ ಅರ್ಜಿ ಆ ಮಿತಿಯನ್ನು ಸಲೀಸಾಗಿ ದಾಟಬಹುದು. 8192ಕ್ಕೆ ಏರಿಸಿ. ಓದಿದ ಪ್ರತಿ ಟೋಕನ್ನಿಗೂ ಮಾದರಿ ಕೀ, ವ್ಯಾಲ್ಯೂ ಎಂಬ ಸಂಖ್ಯೆಗಳನ್ನು ಟಿಪ್ಪಣಿಯಂತೆ ಇಟ್ಟುಕೊಳ್ಳುತ್ತದೆ, ಅದಕ್ಕೆ ತಗಲುವ ಮೆಮೊರಿಯನ್ನೂ ಲೆಕ್ಕ ಹಾಕಬಹುದು: ಲಾಮಾ 3.1 8ಬಿಯಲ್ಲಿ 32 ಪದರ, ಪದರಕ್ಕೆ 8 ಕೀ-ವ್ಯಾಲ್ಯೂ ತಲೆ, ತಲೆಗೆ 128 ಸಂಖ್ಯೆ, ಕೀಗೆ ಒಂದು ಸಲ ವ್ಯಾಲ್ಯೂಗೆ ಒಂದು ಸಲ, ಸಂಖ್ಯೆಗೆ 2 ಬೈಟ್. ಗುಣಿಸಿದರೆ ಟೋಕನ್ ಒಂದಕ್ಕೆ 128 ಕೆಬಿ, 8192ಕ್ಕೆ ಸರಿಯಾಗಿ ಒಂದು ಜಿಬಿ. ಎಂಟು ಬಿಟ್‌ನ ಕಡತ 8.5 ಜಿಬಿ ಆದರೂ ನಿಮ್ಮ 16ರಲ್ಲಿ ಹಿಡಿಯುತ್ತದೆ.

ಮೂರನೆಯದಾಗಿ, ಟೆಂಪರೇಚರ್ (ಉತ್ತರದಲ್ಲಿ ಎಷ್ಟು ಆಕಸ್ಮಿಕತೆ ಇರಬೇಕೆಂಬ ಹೊಂದಿಕೆ) ಸೊನ್ನೆಗೆ ಇಳಿಸಿ, ಉತ್ತರವನ್ನು ಜೇಸನ್ ವ್ಯಾಕರಣದಿಂದ, ಅಂದರೆ ಯಾವ ಅಂಕಣದಲ್ಲಿ ಏನು ಬರಬಹುದೆಂಬ ಕಟ್ಟಳೆಯಿಂದ, ಕಟ್ಟಿಹಾಕಿ. ಆಗ ಬೀಜ, ಗೊಬ್ಬರ, ಕೀಟ, ನೀರು, ಬೆಲೆ ಎಂಬ ನಿಮ್ಮ ಪಟ್ಟಿಯ ಹೊರಗಿನ ಬಗೆ ಬರಲಾರದು, ಮದ್ಯಪಾನಕ್ಕೆ ಜಾಗವೇ ಇರುವುದಿಲ್ಲ. ಆದರೆ ವ್ಯಾಕರಣ ಕಟ್ಟುವುದು ಆಕಾರವನ್ನು ಮಾತ್ರ, ಸತ್ಯವನ್ನಲ್ಲ. ಪ್ರಮಾಣವನ್ನೇ ಬರೆಯದ ಪತ್ರಕ್ಕೆ ಮಾದರಿ ಖಾಲಿ ಬಿಡುತ್ತದೆಯೋ, ಕೈಯಿಂದ ಒಂದು ಸಂಖ್ಯೆ ತುಂಬುತ್ತದೆಯೋ ಎಂಬುದನ್ನು ಬೇರೆಯಾಗಿ ಎಣಿಸಿ. ನನ್ನ ಮಟ್ಟಿಗೆ ಒಂದು ಕಲ್ಪಿತ ಸಂಖ್ಯೆ ಐದು ತಪ್ಪು ಬಗೆಗಳಿಗೆ ಸಮ.

ಕೋಟೆಬದಿ_ಕೊಪ್ಪಳ

ಸಣ್ಣ ಸಲಹೆ. ಬರೀ ಹೆಸರು ನೋಡಿ ಭಾರತೀಯ ಮಾದರಿ ಎಂದು ಇಳಿಸಿಕೊಂಡು ಆಮೇಲೆ ಬೈಯಬೇಡಿ. ಸರ್ವಂ ಎಐ ಕಂಪನಿಯ ಸರ್ವಂ-1 ಅಕ್ಟೋಬರ್ 2024ರಲ್ಲಿ ಬಂದ 2ಬಿ ಗಾತ್ರದ್ದು, ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗಾಗಿ ತಯಾರಾದದ್ದು, ಆದರೆ ಅದು ಮೂಲ ಮಾದರಿ. ಸೂಚನೆ ಪಾಲಿಸಲು ಅದಕ್ಕೆ ಕಲಿಸಿಲ್ಲ, ವಾಕ್ಯವನ್ನು ಮುಂದುವರಿಸುವುದಷ್ಟೇ ಗೊತ್ತು.

ಬಿಸಿಲೂರು_ಬಳ್ಳಾರಿ

ಎಲ್ಲರೂ ಮುಕ್ತ ಆಕರ ಎನ್ನುತ್ತೀರಿ, ಪರವಾನಗಿ ಓದಿದವರು ಯಾರಾದರೂ ಇದ್ದೀರಾ?

ಲಿಂಗಸುಗೂರು_ಲಿನಕ್ಸ್

ಇಲ್ಲಿ ಯಾರೂ ಮುಕ್ತ ಆಕರ ಎಂದಿಲ್ಲ, ಮುಕ್ತ ತೂಕಾಂಕ ಎಂದಿದ್ದಾರೆ. ತೂಕಾಂಕ ಕೊಟ್ಟು ತರಬೇತಿಯ ದತ್ತಾಂಶ ಕೊಡದವು ಈ ಗುಂಪಿನವು. ಲಾಮಾ ಪರವಾನಗಿಯಲ್ಲಿ ತಿಂಗಳಿಗೆ 70 ಕೋಟಿ ಬಳಕೆದಾರರನ್ನು ಮೀರಿದ ಕಂಪನಿಗಳು ಬೇರೆ ಅನುಮತಿ ಪಡೆಯಬೇಕೆಂಬ ಷರತ್ತಿದೆ. ಸಿಂಧನೂರಿನ ಸಂಸ್ಥೆಗೆ ಆ ಭಯ ಸದ್ಯಕ್ಕಿಲ್ಲ. ಅಲಿಬಾಬಾ ಕಂಪನಿಯ ಕ್ವೆನ್ 3ರ ಮಾದರಿಗಳು ಅಪಾಚೆ 2.0 ಪರವಾನಗಿಯಲ್ಲಿ ಬಂದಿವೆ, ಅಲ್ಲಿ ಆ ಷರತ್ತೂ ಇಲ್ಲ.

ಬಿಸಿಲೂರು_ಬಳ್ಳಾರಿ

ಸರಿ. ಇನ್ನೊಂದು ಮಾತು, ಇದನ್ನಾದರೂ ಒಪ್ಪುತ್ತೀರಿ. ವೇಗದ ಪರೀಕ್ಷೆಯನ್ನು ರಾತ್ರಿ ಮಾಡಬೇಡಿ. ನಮ್ಮ ಜಿಲ್ಲೆಗಳ ಏಪ್ರಿಲ್ ಮಧ್ಯಾಹ್ನದಲ್ಲಿ, ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ ಪ್ರೊಸೆಸರ್ ಬಿಸಿಯೇರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮೊದಲ ಪತ್ರದ ಸಮಯವನ್ನಲ್ಲ, ನಲವತ್ತನೆಯ ಪತ್ರದ ಸಮಯವನ್ನು ಬರೆದಿಡಿ. ಕರೆಂಟು ಹೋದಾಗ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುವಂತೆ ಪ್ರತಿ ಉತ್ತರವನ್ನೂ ಆಗಲೇ ಉಳಿಸಿಕೊಳ್ಳಿ.

ಮಸಾರಿ_ಹೊಲ

ಇದನ್ನು ಒಪ್ಪುತ್ತೇನೆ, ತಕರಾರಿಲ್ಲದೆ.

ಸಿಂಧನೂರು_ಕಚೇರಿ

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ರ‍್ಯಾಮ್‌ನ ಎರಡನೆಯ ಪಟ್ಟಿಯನ್ನು ಹಾಕಿಸಿದೆ. ನಾಲ್ಕು ಬಿಟ್‌ನ ಕಡತ ಮಧ್ಯಾಹ್ನದ ನಲವತ್ತನೆಯ ಪತ್ರದಲ್ಲೂ ಸೆಕೆಂಡಿಗೆ ಏಳು ಟೋಕನ್‌ಗಿಂತ ಕೆಳಗಿಳಿಯಲಿಲ್ಲ. ನುಡಿಯ ಪತ್ರಗಳನ್ನೆಲ್ಲ ಯೂನಿಕೋಡಿಗೆ ತಂದೆ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾರಿದ ಕಡೆ ಕೈಯಿಂದ ತಿದ್ದಿದೆ. ಪ್ರತಿ ಹತ್ತನೆಯದರಂತೆ ಅರವತ್ತು ಪತ್ರಗಳನ್ನು ತೆಗೆದು, ಸರಿಯುತ್ತರಗಳ ಪಟ್ಟಿಯನ್ನು ಮೊದಲೇ ಬರೆದು ಬೀಗ ಹಾಕಿದೆ. ನಾಲ್ಕೂ ಅಂಶಗಳು ಸರಿಯಿದ್ದರೆ ಮಾತ್ರ ಪತ್ರ ಸರಿ ಎಂಬ ಕಟ್ಟುನಿಟ್ಟು ಇಟ್ಟುಕೊಂಡೆ. ನಮ್ಮ ಕಚೇರಿಯ ಹುಡುಗ ಉತ್ತರಗಳ ಕಟ್ಟುಗಳಿಗೆ ಅ, ಆ, ಇ ಎಂದು ಗುರುತು ಹಾಕಿ, ಯಾವುದು ಎಷ್ಟು ಬಿಟ್‌ನದೆಂಬ ಚೀಟಿಯನ್ನು ತನ್ನ ಬಳಿಯೇ ಇಟ್ಟುಕೊಂಡ. ಸಿಂಧನೂರಿಗೆ ಮಗಳ ಮನೆಗೆ ಬಂದಿದ್ದ ಟೈಪಿಸ್ಟ್ ಅಕ್ಕಾವ್ರು ಕಚೇರಿಯಲ್ಲೇ ಕುಳಿತು ಆ ಪಟ್ಟಿ ಬರೆಯಲೂ, ಆಮೇಲೆ ಉತ್ತರಗಳನ್ನು ತಿದ್ದಲೂ ನನ್ನೊಡನೆ ಕೈಜೋಡಿಸಿದರು.

ಚೀಟಿ ತೆರೆದಾಗ ಕಂಡದ್ದು ಹೀಗಿದೆ. ಎಂಟು ಬಿಟ್‌ನದು 47 ಸರಿ, ನಾಲ್ಕು ಬಿಟ್‌ನದು 46, ಕುತೂಹಲಕ್ಕೆ ಸೇರಿಸಿದ ಎರಡು ಬಿಟ್‌ನದು 33. ಎಂಟು ಬಿಟ್ ಮಾತ್ರ ಸರಿ ಹೇಳಿ ನಾಲ್ಕು ಬಿಟ್ ತಪ್ಪಿದ ಪತ್ರಗಳು 4, ಇದರ ತಿರುವುಮುರುವು 3. ಎರಡು ಬಿಟ್‌ನದರ ಜೊತೆ ಹೋಲಿಸಿದರೆ ಆ ಸಂಖ್ಯೆಗಳು 15 ಮತ್ತು 1. ಎರಡು ಬಿಟ್‌ನ ಕಡತ ಊರಿನ ಹೆಸರುಗಳಲ್ಲೇ ಒತ್ತಕ್ಷರ ನುಂಗುತ್ತಿತ್ತು, «ತುರ್ವಿಹಾಳ»ವನ್ನು ನಾಲ್ಕು ಬಗೆಯಲ್ಲಿ ಬರೆದಿತ್ತು. ಎಣ್ಣಿಯ ತೊಂದರೆ ಪದಪಟ್ಟಿಯಿಂದ ನಿಂತಿತು. ಕಲ್ಪಿತ ಸಂಖ್ಯೆಗಳು ಎಂಟು ಬಿಟ್‌ನಲ್ಲಿ ಎರಡು, ನಾಲ್ಕು ಬಿಟ್‌ನಲ್ಲೂ ಎರಡು, ಅವೇ ಪತ್ರಗಳಲ್ಲಿ.

ಅಂಕಗಣಿತ_ಮೇಷ್ಟ್ರು

ನಾಲ್ಕಕ್ಕೆ ಮೂರು ಎಂದರೆ ನಾಣ್ಯ ಚಿಮ್ಮಿದರೂ ಬರುವ ಫಲ. ಈ ಅರವತ್ತು ಪತ್ರಗಳ ಮಟ್ಟಿಗೆ ಎಂಟು ಮತ್ತು ನಾಲ್ಕು ಬಿಟ್‌ಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವೇ ಇಲ್ಲ ಎಂದು ಇದರ ಅರ್ಥವಲ್ಲ, ಸಣ್ಣದಿದ್ದರೆ ಅರವತ್ತರಲ್ಲಿ ಅದು ತೋರದು. ಹದಿನೈದಕ್ಕೆ ಒಂದು ಎಂಬುದು ಬೇರೆಯೇ ಕಥೆ. ಎರಡೂ ಸಮವಾಗಿದ್ದು ಆಕಸ್ಮಿಕವಾಗಿ ಇಷ್ಟು ವಾಲುವ ಸಂಭವ ಸುಮಾರು 2,000ಕ್ಕೆ ಒಂದು. ಎರಡು ಬಿಟ್‌ನದನ್ನು ಅಳಿಸಿ ಜಾಗ ಉಳಿಸಿಕೊಳ್ಳಿ.

ಕೋಟೆಬದಿ_ಕೊಪ್ಪಳ

ನನ್ನ ತಕರಾರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆದರೆ ಈ ಕೆಲಸದ ಮಟ್ಟಿಗೆ ಮಾತ್ರ. ನಾಲ್ಕು ಅಂಶ ಎತ್ತಿ ಕೊಡುವುದು ಒಂದು, ರೈತನಿಗೆ ಕನ್ನಡದಲ್ಲಿ ಪುಟ ತುಂಬ ಉತ್ತರ ಬರೆಯುವುದು ಇನ್ನೊಂದು. ಆ ಕೆಲಸಕ್ಕೆ ಇಳಿಸುವ ದಿನ ಹೊಸದಾಗಿ ಪರೀಕ್ಷಿಸಿ.

ಬಿಸಿಲೂರು_ಬಳ್ಳಾರಿ

ಕಾರ್ಡ್ ಬೇಡವಾಯಿತು ಎನ್ನಿ. ಆಗಲಿ. ಆದರೂ ಎಂಟು ಮತ್ತು ನಾಲ್ಕು ಬಿಟ್ ಎರಡೂ ಒಟ್ಟಿಗೆ ತಪ್ಪಿದ ಪತ್ರಗಳು ಎಷ್ಟಾದವು? ಲೆಕ್ಕ ಹಾಕಿದರೆ ಹತ್ತು ಬರುತ್ತದೆ. ಅವುಗಳ ಮಾತನ್ನು ಯಾರೂ ಆಡುತ್ತಿಲ್ಲ.

ಹಳೇ_ಟೈಪಿಸ್ಟ್

ಅದನ್ನೇ ಹೇಳಲು ಬಂದೆ. ಆ ಹತ್ತನ್ನೂ ಮನೆಗೆ ಬಂದ ಮೇಲೆ ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿ ಹಾಕಿದೆ, ಸಮಾಧಾನವಾಗದೆ ನಿನ್ನೆ ಇನ್ನೊಮ್ಮೆ ಕಚೇರಿಗೆ ಹೋಗಿ ಓದಿದೆ. ಎಂಟು ಪತ್ರಗಳಲ್ಲಿ ಯಂತ್ರದ್ದೇ ತಪ್ಪು, ಅನುಮಾನವಿಲ್ಲ. ಎರಡರಲ್ಲಿ ತಪ್ಪಿದ್ದು ನಮ್ಮ ಸರಿಯುತ್ತರಗಳ ಪಟ್ಟಿ. ಒಂದರಲ್ಲಿ ರೈತ ಮೊದಲ ಅರ್ಧ ಪುಟ ಬೀಜ ಮೊಳೆಯಲಿಲ್ಲವೆಂದು ಬರೆದಿದ್ದಾನೆ, ನಾವು «ಬೀಜ» ಎಂದು ಬರೆದು ಮುಂದೆ ಹೋದೆವು. ಕೊನೆಯ ಸಾಲಿನಲ್ಲಿ ಅವನು ಕೇಳಿರುವುದು ಕಾಲುವೆಯ ಕೊನೆಯವರೆಗೆ ನೀರು ಬಿಡಿಸಿಕೊಡಿ ಎಂದು. ಎರಡೂ ಕಡತಗಳು «ನೀರು» ಎಂದಿದ್ದವು. ಇನ್ನೊಂದರಲ್ಲಿ ಕನ್ನಡದ ಅಂಕಿ ೧ನ್ನು ನಾನು ೯ ಎಂದು ಓದಿ 19 ಚೀಲದ ಬದಲು 99 ಬರೆಸಿದ್ದೆ. ಅದು ನನ್ನ ಕನ್ನಡಕದ ತಪ್ಪು, ತಮ್ಮಾ, ನಿನ್ನದಲ್ಲ.

ಸಿಂಧನೂರು_ಕಚೇರಿ

ಹಾಗಾದರೆ 49 ಮತ್ತು 48. ಪಟ್ಟಿಯನ್ನು ತಿದ್ದಿದ್ದೇನೆ, ಅಕ್ಕಾವ್ರೇ. ದೂರು ಬೀಜದ್ದು, ಬೇಡಿಕೆ ನೀರಿನದು ಎಂಬಂಥ ಪತ್ರಗಳು ಇನ್ನೂ ಎಷ್ಟಿವೆಯೋ ನೋಡಬೇಕು. ನಾಳೆಯಿಂದ ದೂರಿಗೊಂದು, ಬೇಡಿಕೆಗೊಂದು ಎಂದು ಎರಡು ಕಾಲಂ ಮಾಡುತ್ತೇನೆ. ಅರವತ್ತಕ್ಕೂ ಹೊಸದಾಗಿ ಉತ್ತರ ಬರೆಯಬೇಕಾದ್ದರಿಂದ ಸೋಮವಾರ ಬಿಡುವಿದ್ದರೆ ಕನ್ನಡಕ ತೆಗೆದುಕೊಂಡು ಬನ್ನಿ.